13ರಲ್ಲಿ 9 ಹೋದರೆ?

13ರಲ್ಲಿ 9 ಕಳೆಯಿರಿ. ಒಂದನೇ ಕ್ಲಾಸಿನ ಲೆಕ್ಕ. ಇದನ್ನು ಹೇಳಿಕೊಡೋಕೆ ನಾಲ್ಕೈದು ಟೀಚರ್‌ಗಳು ಸೇರಿ ವಾರಗಟ್ಟಲೆ ತಲೆ ಕೆಡಿಸಿಕೊಳ್ತಾರೆ ಅಂದ್ರೆ ನಂಬ್ತೀರಾ?

ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಇದು ಹಳೇ ರೂಢಿ. ಜುಗ್ಯೋ ಕೆಂಕ್ಯೂ, ಅಂದ್ರೆ ಪಾಠದ ಅಧ್ಯಯನ. 1999ರಲ್ಲಿ ಸ್ಟಿಗ್ಲರ್ ಮತ್ತು ಹೀಬರ್ಟ್ ಬರೆದ 'ದಿ ಟೀಚಿಂಗ್ ಗ್ಯಾಪ್' ಪುಸ್ತಕ ಬಂದ ಮೇಲೆ ಅಮೆರಿಕದಲ್ಲೂ ಹೆಸರಾಯ್ತು.

ಈ ಟೀಚರ್‌ಗಳ ಮೊದಲ ಚರ್ಚೆ ಲೆಕ್ಕಕ್ಕೆ ಯಾವ ಸಂಖ್ಯೆಗಳನ್ನ ಕೊಡೋದು ಅನ್ನೋದರ ಬಗ್ಗೆಯೇ. 11ರಲ್ಲಿ 2 ಕಳೆ ಅಂದ್ರೆ ಮಕ್ಕಳು ಬೆರಳು ಮಡಚಿ, ಹಿಂದಕ್ಕೆ ಎಣಿಸಿ ಮುಗಿಸಿಬಿಡ್ತಾರೆ. 13ರಲ್ಲಿ 9 ಅಂದ್ರೆ ಎಣಿಸೋಕೆ ಬೇಜಾರು. ಆಗ 10ರಿಂದ 9 ತೆಗೆದು, ಉಳಿದ 1ಕ್ಕೆ 3 ಸೇರಿಸೋ ದಾರಿ ಯಾರಿಗಾದ್ರೂ ಹೊಳೆಯುತ್ತೆ. ಇನ್ನೊಂದು ಮಗು ಮೊದಲು 3 ತೆಗೆದು, ಆಮೇಲೆ 10ರಿಂದ 6 ತೆಗೆಯಬಹುದು. ಇವೆಲ್ಲವನ್ನೂ ಮೊದಲೇ ಊಹಿಸಿಟ್ಟಿರ್ತಾರೆ. ಬೋರ್ಡಿನಲ್ಲಿ ಯಾವುದನ್ನ ಎಲ್ಲಿ ಬರೀಬೇಕು ಅನ್ನೋದನ್ನೂ ಸಹ.

ಆಮೇಲೆ ಒಬ್ಬರು ಪಾಠ ಮಾಡ್ತಾರೆ. ಉಳಿದವರು ಕ್ಲಾಸಿನಲ್ಲೇ ನಿಂತು ನೋಡೋದು ಟೀಚರನ್ನಲ್ಲ, ಮಕ್ಕಳನ್ನ. ಯಾರು ಬರೆದು ಅಳಿಸಿದ್ರು, ಯಾರು ಪಕ್ಕದವರ ಪುಸ್ತಕ ಇಣುಕಿದ್ರು, ಎಲ್ಲ ಟಿಪ್ಪಣಿ. ನಮ್ಮಲ್ಲಿ ಕ್ಲಾಸಿನ ಹಿಂದೆ ಯಾರಾದ್ರೂ ಬಂದು ಕೂತ್ರೆ ಇನ್‌ಸ್ಪೆಕ್ಷನ್ ಅಂತ ಬೆವರೋರೇ ಜಾಸ್ತಿ ಬಿಡಿ!

ಪಾಠ ಮುಗಿದ ಮೇಲೆ ಎಲ್ಲರೂ ಕೂತು ಮಾತಾಡ್ತಾರೆ. ಸೇರಿ ಕಟ್ಟಿದ ಪಾಠ ಆದ್ದರಿಂದ ಎಡವಿದ್ದನ್ನ ಒಬ್ಬರ ತಲೆಗೆ ಕಟ್ಟೋಕಾಗಲ್ಲ. ನನಗಂತೂ ಬಹಳ ಹಿಡಿಸಿದ್ದು ಇದೇ. ತಿದ್ದಿದ ಪಾಠವನ್ನ ಎಷ್ಟೋ ಸಲ ಇನ್ನೊಬ್ಬ ಟೀಚರ್, ಇನ್ನೊಂದು ಸೆಕ್ಷನ್ನಿನಲ್ಲಿ ಮತ್ತೆ ಮಾಡಿ ನೋಡ್ತಾರೆ.