ಯಾವ ತಾಲ್ಲೂಕು ಹಿಂದೆ, ಎಷ್ಟು ಹಿಂದೆ?

ಸಂಘದ ಕೂಟಗಳಲ್ಲಿ ಊಟ ಮುಗಿದು, ನಮ್ಮ ಶಾಲಾ ನಿಧಿ ಈ ವರ್ಷ ಯಾವ ಊರಿಗೆ ಎಂಬ ಪ್ರಶ್ನೆ ಬಂತೆಂದರೆ ಚರ್ಚೆ ಕಾವೇರುತ್ತದೆ. ರಾಯಚೂರಿನ ಕಡೆಯವರು “ನಮ್ಮನ್ನ ಯಾರ್ ಕೇಳ್ತಾರ್ರೀ?” ಎಂದರೆ, ಮೈಸೂರಿನವರು “ನಮ್ಮ ಹಳ್ಳಿಗಳೇನು ಸುಖವಾಗಿವೆಯೇ ಸ್ವಾಮಿ?” ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳುಂಟು. ಅದನ್ನು ಅಳೆದು ತೋರಿಸಿದವರು ಪ್ರೊಫೆಸರ್ ಡಿ. ಎಂ. ನಂಜುಂಡಪ್ಪನವರು.

ಪ್ರಾದೇಶಿಕ ಅಸಮತೋಲನ ನಿವಾರಣೆಗೆಂದು ಕರ್ನಾಟಕ ಸರ್ಕಾರ 2000ದಲ್ಲಿ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ವರದಿ 2002ರಲ್ಲಿ ಬಂತು. ಸಮಿತಿ ಮಾಡಿದ ಜಾಣ ಕೆಲಸವೆಂದರೆ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಹಿಡಿದದ್ದು. ಜಿಲ್ಲೆಯ ಸರಾಸರಿಯಲ್ಲಿ ಒಂದು ದೊಡ್ಡ ಪೇಟೆ ನಾಲ್ಕು ಬಡ ತಾಲ್ಲೂಕುಗಳನ್ನು ಮರೆಮಾಡಿಬಿಡುತ್ತದೆ. ಬೇಸಾಯ, ಕೈಗಾರಿಕೆ, ರಸ್ತೆ, ಬ್ಯಾಂಕು, ಶಾಲೆ, ಆಸ್ಪತ್ರೆ, ಹೀಗೆ 35 ಅಂಶಗಳನ್ನು ಕೂಡಿಸಿ ಪ್ರತಿ ತಾಲ್ಲೂಕಿಗೂ ಒಂದು ಅಂಕ ಕೊಟ್ಟರು. ರಾಜ್ಯದ ಸರಾಸರಿ 1. ಅದಕ್ಕಿಂತ ಕಡಿಮೆಯಾದರೆ ಹಿಂದುಳಿದಂತೆ. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹೀಗೆ ಹಿಂದುಳಿದಿದ್ದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ತೀರ ಕೆಳಗೆ ರಾಯಚೂರು ಜಿಲ್ಲೆಯ ದೇವದುರ್ಗ, 0.53.

ಈ 39ರಲ್ಲಿ 26 ಉತ್ತರದವು. 21 ಕಲಬುರಗಿ ವಿಭಾಗವೊಂದರಲ್ಲೇ. ಅಲ್ಲಿಗೆ ರಾಯಚೂರಿನವರ ದೂರು ನಿಜವಾಯಿತು. ಉಳಿದ 13 ದಕ್ಷಿಣದಲ್ಲಿ. ಪಾವಗಡ, ಹೆಗ್ಗಡದೇವನಕೋಟೆಗಳ ಹೆಸರು ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಬೆಂಗಳೂರಿನ ಮಗ್ಗುಲಲ್ಲೇ ಇರುವ ಮಾಗಡಿ, ಕನಕಪುರಗಳೂ ಈ ಪಟ್ಟಿಯಲ್ಲಿದ್ದವು! ಪಟ್ಟಣ ಬೆಳೆದರೆ ಪಕ್ಕದ ಹಳ್ಳಿ ತಾನಾಗಿ ಬೆಳೆಯುತ್ತದೆ ಎಂದು ನಂಬಿದ್ದ ನನಗೆ ಇದು ಪಾಠವಾಯಿತು.

ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಿ ಈ ಅಂತರ ತುಂಬಬೇಕೆಂದು ಸಮಿತಿ ಹೇಳಿತು. ವಿಶೇಷ ಅಭಿವೃದ್ಧಿ ಯೋಜನೆ ಆರಂಭವಾದದ್ದು 2007-08ರಲ್ಲಿ. ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿ ಸೇರಿ, ಈಗ ಕಲ್ಯಾಣ ಕರ್ನಾಟಕವೆನ್ನುವ ಭಾಗಕ್ಕೆ ಪ್ರತ್ಯೇಕ ಮಂಡಳಿಯೂ ಓದು-ನೌಕರಿಗಳಲ್ಲಿ ಮೀಸಲಾತಿಯೂ ದೊರೆತವು. ಆ ಎಂಟು ವರ್ಷಗಳು ಎಂದೋ ಕಳೆದಿವೆ. ಏನಾಯಿತೆಂದು ನೋಡಲು 2024ರಲ್ಲಿ ಪ್ರೊಫೆಸರ್ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ನೇಮಕವಾಯಿತು. ದುಡ್ಡು ಮಂಜೂರಾದ ಮಾತ್ರಕ್ಕೆ ಕೆಲಸ ಆಗಿಬಿಡುವುದಿಲ್ಲ. ಕೊಠಡಿ ಕಟ್ಟುವುದು ಸುಲಭ, ಅಲ್ಲಿ ಮೇಷ್ಟರು ನಿಲ್ಲುವಂತೆ ಮಾಡುವುದು ಕಷ್ಟ.

ಇನ್ನು ನಮ್ಮ ನಿಧಿಯ ಮಾತು. ಮೊತ್ತ ಚಿಕ್ಕದು, ನಿಜ. ಆದರೆ ಇದುವರೆಗೆ ಅದು ಹೋಗಿರುವುದು ಹೆಚ್ಚಾಗಿ ಕಾರ್ಯಕಾರಿ ಸಮಿತಿಯವರ ಸ್ವಂತ ಊರುಗಳಿಗೆ. ಸುಳ್ಳೇಕೆ, ನನ್ನ ಊರಿಗೂ ಒಮ್ಮೆ ಹೋಗಿದೆ. ಮುಂದಿನ ಸಭೆಯಲ್ಲಿ ಊರು ಆರಿಸುವ ಮುನ್ನ ಆ 39ರ ಪಟ್ಟಿ ಮೇಜಿನ ಮೇಲಿರಲಿ ಎಂದು ಕಾರ್ಯದರ್ಶಿಗಳಿಗೆ ಬರೆದುಕೊಟ್ಟಿದ್ದೇನೆ.