ಜೀಬ್ರಾ ಸಾಕಿದವರು ಯಾರು?

ಮಕ್ಕಳೇ, ರವಿ, ಸಲ್ಮಾ, ಮೇರಿ ಒಂದೊಂದು ಬಗೆಯ ಹಣ್ಣು ತಂದಿದ್ದಾರೆ: ಮಾವು, ಬಾಳೆ, ಸೀಬೆ. ರವಿಯದು ಮಾವೂ ಅಲ್ಲ, ಬಾಳೆಯೂ ಅಲ್ಲ. ಸಲ್ಮಾಳದು ಮಾವಲ್ಲ. ಯಾರದು ಯಾವುದು? ಹೆಸರು, ಹಣ್ಣುಗಳ ಚೌಕಳಿ ಬರೆಯಿರಿ. ಆಗದ ಚೌಕಕ್ಕೆ ತಪ್ಪು ಗುರುತು, ಖಚಿತವಾದ ಚೌಕಕ್ಕೆ ಸರಿ ಗುರುತು ಹಾಕಿ. ಸರಿ ಗುರುತು ಬಿದ್ದೊಡನೆ ಅದರ ಅಡ್ಡಸಾಲು, ಕಂಬಸಾಲುಗಳ ಉಳಿದ ಚೌಕಗಳೆಲ್ಲ ತಪ್ಪು.

ಇಂಗ್ಲೆಂಡಿನ ಗಣಿತ ಅಧ್ಯಾಪಕ ಲೂಯಿಸ್ ಕೆರೋಲ್ 19ನೇ ಶತಮಾನದಲ್ಲೇ ಚೌಕಗಳಲ್ಲಿ ಬಿಲ್ಲೆಯಿಟ್ಟು ತರ್ಕ ಕಲಿಸುವ ಆಟ ರಚಿಸಿದ್ದರು. ಐದು ಮನೆಗಳ ಪ್ರಸಿದ್ಧ ‘ಜೀಬ್ರಾ ಒಗಟು’ 1962ರ ಡಿಸೆಂಬರ್‌ನಲ್ಲಿ ‘ಲೈಫ್ ಇಂಟರ್‌ನ್ಯಾಷನಲ್’ ಪತ್ರಿಕೆಯಲ್ಲಿ ಅಚ್ಚಾಯಿತು. ಸುಳಿವುಗಳಿಂದ ಜೀಬ್ರಾ ಸಾಕಿದವರನ್ನು ಪತ್ತೆ ಹಚ್ಚಬೇಕು.

ಇದನ್ನು ಐನ್‌ಸ್ಟೈನ್ ಬಾಲ್ಯದಲ್ಲಿ ರಚಿಸಿದರೆಂದು ಹಲವರು ಹೇಳುತ್ತಾರೆ. ಅದಕ್ಕೆ ಆಧಾರ ಸಿಕ್ಕಿಲ್ಲ. ಆಧಾರವಿಲ್ಲದೆ ಸರಿ ಗುರುತು ಹಾಕಬಾರದು; ಒಗಟಿನಲ್ಲೂ, ವಿಜ್ಞಾನದಲ್ಲೂ. ಈಗ ಹೇಳಿ, ಮಾವು ತಂದವರು ಯಾರು?