ಪದಕ್ರೀಡೆಗಳಲ್ಲಿ ಇಂಗ್ಲಿಷ್ ಪದಶೋಧ

ಪದಶೋಧವೆಂದರೆ ಕೊಟ್ಟಿರುವ ಅಕ್ಷರಗಳನ್ನು ಒಳಗೊಂಡ ಪದಗಳನ್ನು ಹುಡುಕಿ ತೆಗೆಯುವ ಕ್ರಿಯೆ. ಸ್ಕ್ರ್ಯಾಬಲ್, ವರ್ಡಲ್, ಕ್ರಾಸ್‌ವರ್ಡ್ ಮೊದಲಾದ ಇಂಗ್ಲಿಷ್ ಪದಕ್ರೀಡೆಗಳಿಗೆ ಇದೇ ಆಧಾರವಾಗಿದೆ. ಕೈಯಲ್ಲಿರುವ ಅಕ್ಷರಗಳಿಂದ ಯಾವ ಪದ ಕಟ್ಟಬಹುದು, ಮೂರನೆಯ ಮನೆಯಲ್ಲಿ ಇಂಥ ಅಕ್ಷರವಿರುವ ಪದ ಯಾವುದು, ಒಂದು ಅಕ್ಷರವಿದ್ದು ಮತ್ತೊಂದು ಇಲ್ಲದ ಪದ ಯಾವುದು ಎಂಬ ಮೂರು ಬಗೆಯ ಪ್ರಶ್ನೆಗಳು ಇಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ.

ಅಕ್ಷರದ ಕಲ್ಪನೆ

ಕನ್ನಡದ ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಪೂರ್ಣ ಅಕ್ಷರ ಸಲ್ಲುತ್ತದೆ. ‘ಸ್ತ್ರೀ’ ಎಂಬಲ್ಲಿ ಮೂರು ವ್ಯಂಜನಗಳೂ ಒಂದು ದೀರ್ಘಸ್ವರವೂ ಇದ್ದರೂ ಅದಕ್ಕೆ ಒಂದೇ ಮನೆ. ‘ಬೆಂಗಳೂರು’ ನಾಲ್ಕು ಮನೆಗಳ ಪದ. ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ ಒಂಬತ್ತು ಅಕ್ಷರಗಳಾಗುತ್ತವೆ. ಇಂಗ್ಲಿಷಿನಲ್ಲಿ ಸ್ವರವೂ ವ್ಯಂಜನವೂ ಬಿಡಿಬಿಡಿಯಾಗಿ ನಿಲ್ಲುವುದರಿಂದ ಅವುಗಳನ್ನು ಕಲಸಿ ಮರುಜೋಡಿಸುವುದು ಸುಲಭ. ಆದರೆ ಕಿವಿಗೆ ಕೇಳುವುದಕ್ಕೂ ಬರೆಯುವುದಕ್ಕೂ ಹೊಂದಾಣಿಕೆ ಕಡಿಮೆ. ಉಚ್ಚಾರಣೆಯನ್ನೇ ನಂಬಿ ಬರೆಯಲು ಕಲಿತ ಕನ್ನಡ ವಿದ್ಯಾರ್ಥಿ ಎಡವುವುದು ಇಲ್ಲಿಯೇ.

ವಿಂಗಡಣೆಯ ಕ್ರಮ

ಕಲಸಿದ ಅಕ್ಷರಗಳಿಂದ ಪದ ಹುಡುಕುವ ಹಳೆಯ ಉಪಾಯವೆಂದರೆ ಅವುಗಳನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿಕೊಳ್ಳುವುದು. ಇ-ಐ-ಎಲ್-ಎನ್-ಎಸ್-ಟಿ ಎಂಬ ಆರು ಅಕ್ಷರಗಳಿಂದ ಲಿಸನ್, ಸೈಲೆಂಟ್, ಎನ್‌ಲಿಸ್ಟ್, ಟಿನ್ಸೆಲ್ ಮೊದಲಾದ ಪದಗಳಾಗುತ್ತವೆ. ಕನ್ನಡ ಲಿಪಿಯಲ್ಲಿ ಬರೆದಾಗ ಇವು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುತ್ತವೆ. ‘ಲಿಸನ್’ನ ಟಿ ಅಂತೂ ಕೇಳಿಸುವುದೇ ಇಲ್ಲ. ಗಣಕಯಂತ್ರವೂ ಇದೇ ಕ್ರಮವನ್ನು ಅನುಸರಿಸಬಲ್ಲದು: ಪಟ್ಟಿಯ ಪ್ರತಿ ಪದವನ್ನು ಹೀಗೆ ವಿಂಗಡಿಸಿಟ್ಟುಕೊಂಡರೆ ಒಂದೇ ಕೀಲಿಯ ಕೆಳಗೆ ಸೇರುವ ಪದಗಳು ಒಟ್ಟಿಗೆ ದೊರೆಯುತ್ತವೆ.

ಸ್ಕ್ರ್ಯಾಬಲ್ ಆಟದ ಮೂಲರೂಪವನ್ನು ರೂಪಿಸಿದ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ ಅವರು ಪತ್ರಿಕೆಗಳ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಬಾರಿ ಬರುತ್ತದೆಂದು ಎಣಿಸಿ ಬಿಲ್ಲೆಗಳ ಸಂಖ್ಯೆಯನ್ನು ನಿರ್ಧರಿಸಿದರು. ಒಟ್ಟು 100 ಬಿಲ್ಲೆಗಳಲ್ಲಿ ಇ 12, ಎ 9, ಐ 9. ಕ್ಯೂ ಮತ್ತು ಜೆಡ್ ಒಂದೊಂದೇ. ಅವುಗಳಿಗೆ ತಲಾ 10 ಅಂಕ. 1948ರಲ್ಲಿ ಆಟಕ್ಕೆ ಈಗಿನ ಹೆಸರು ಬಂದಿತು.

ದಂಡುಪ್ರದೇಶದ ಪದಗಳು

ಇಂಗ್ಲಿಷಿನಲ್ಲಿ ಕ್ಯೂ ಬಂದರೆ ಹಿಂದೆಯೇ ಯು ಬರಬೇಕೆಂಬುದು ಶಾಲೆಯ ಪಾಠ. ಕೈಯಲ್ಲಿ ಕ್ಯೂ ಇದ್ದು ಯು ಇಲ್ಲದಾಗ ಆಟಗಾರನು ಸಿಕ್ಕಿಬೀಳುತ್ತಾನೆ. ಇಂಥ ಹೊತ್ತಿನಲ್ಲಿ ಒದಗುವ ಹಲವು ಪದಗಳು ಅರಬ್ಬಿ ಮೂಲದವು. ಅವು ಬೆಂಗಳೂರಿನ ಶಿವಾಜಿನಗರದಲ್ಲಿ ದಿನನಿತ್ಯ ಕಿವಿಗೆ ಬೀಳುವಂಥವೇ: ಬುರ್ಖಾ, ನಿಖಾಬ್, ಫಕೀರ, ತಲಾಖ್. ಇಂಗ್ಲಿಷಿನಲ್ಲಿ ನಾಲ್ಕೂ ಐದೈದು ಅಕ್ಷರಗಳ ಪದಗಳು, ನಾಲ್ಕರಲ್ಲೂ ಕ್ಯೂ ಇದೆ, ಯಾವುದರಲ್ಲೂ ಅದರ ಬೆನ್ನಿಗೆ ಯು ಇಲ್ಲ. ಬುರ್ಖಾದ ಕಾಗುಣಿತ ಬಿ-ಯು-ಆರ್-ಕ್ಯೂ-ಎ, ಅಂಕ 16. ಖವ್ವಾಲಿಗೆ ಏಳು ಅಕ್ಷರಗಳು, 22 ಅಂಕ; ಕೈಯ ಏಳೂ ಬಿಲ್ಲೆಗಳನ್ನು ಒಮ್ಮೆಗೇ ಇಳಿಸಿದರೆ ಇನ್ನೂ 50 ಅಂಕ ದೊರೆಯುತ್ತದೆ.

ಆದರೆ ಈ ಪದಗಳನ್ನು ಕೇಳಿ ಬಲ್ಲವರಿಗೂ ಅಲ್ಲಿ ಕ್ಯೂ ಇದೆಯೆಂದು ಹೊಳೆಯುವುದು ಕಷ್ಟ. ಅರಬ್ಬಿ ಲಿಪಿಯ ‘ಕಾಫ್’ ಎಂಬ ಅಕ್ಷರವನ್ನು ಗಂಟಲಿನ ಆಳದಿಂದ ಉಚ್ಚರಿಸಬೇಕು. ಇಂಗ್ಲಿಷಿನಲ್ಲಿ ಅದನ್ನು ಕ್ಯೂ ಎಂದು ಬರೆಯುವ ವಾಡಿಕೆಯಿದೆ. ದಖ್ಖನಿ ಉರ್ದುವಿನಲ್ಲಿ ಅದು ‘ಖ’ಕಾರಕ್ಕೆ ಹತ್ತಿರದ ಧ್ವನಿಯಾಗಿದೆ, ಕನ್ನಡದ ಬುರ್ಖಾ, ತಲಾಖ್ ರೂಪಗಳೂ ಅದಕ್ಕೆ ಹೊಂದುತ್ತವೆ. ಹೀಗಾಗಿ ಕೇಳಿದ ಧ್ವನಿಯಿಂದ ಕ್ಯೂವನ್ನು ಊಹಿಸಲಾಗದು; ಪದ ಬಂದ ದಾರಿಯನ್ನು ತಿಳಿದವರು ಊಹಿಸಬಲ್ಲರು. ಬುರ್ಖಾ, ಫಕೀರಗಳನ್ನು ಇಂಗ್ಲಿಷಿನಲ್ಲಿ ಕೆ ಅಕ್ಷರದಿಂದಲೂ ಬರೆಯುವುದುಂಟು. ಆಟಗಾರನಿಗೆ ಇದು ಅನುಕೂಲವೇ.

ಬ್ರಿಟಿಷ್ ಸೇನೆ 1809ರಲ್ಲಿ ಶ್ರೀರಂಗಪಟ್ಟಣದಿಂದ ಬಂದು ಬೆಂಗಳೂರಿನಲ್ಲಿ ದಂಡುಪ್ರದೇಶವನ್ನು ಸ್ಥಾಪಿಸಿತು. 1949ರಲ್ಲಿ ಅದು ನಗರದೊಡನೆ ಒಂದಾಯಿತು. ಇಂಥ ದಂಡುಗಳಲ್ಲಿ ಬಳಕೆಯಾಗುತ್ತಿದ್ದ ಸಿಪಾಯಿ, ಜವಾನ, ಹವಾಲ್ದಾರ, ಮೈದಾನ, ಬಂಗಲೆ ಮೊದಲಾದ ಪದಗಳು ಇಂಗ್ಲಿಷ್ ನಿಘಂಟುಗಳಲ್ಲಿ ನೆಲೆಸಿವೆ. ಯೂಲ್ ಮತ್ತು ಬರ್ನೆಲ್ ಇಂಥವನ್ನು ಕಲೆಹಾಕಿದ ‘ಹಾಬ್ಸನ್-ಜಾಬ್ಸನ್’ ನಿಘಂಟು 1886ರಲ್ಲಿ ಪ್ರಕಟವಾಯಿತು. ವ್ಯಂಜನಗಳೇ ಹೆಚ್ಚಿ ಕೈಕಟ್ಟಿದಾಗ ‘ಜಿಮ್ಖಾನ’ ನೆನಪಾಗಬೇಕು; ಎಂಟು ಅಕ್ಷರಗಳ ಆ ಪದಕ್ಕೆ 21 ಅಂಕ. ಐ ಎರಡು ಬಂದರೆ ಇಡ್ಲಿ ಇದೆ. ದೋಸೆ, ರಾಗಿಗಳಿಗೂ ಮಾನ್ಯತೆಯುಂಟು, ಅಂಕ ಮಾತ್ರ ಐದೈದೇ.

ಅಂಕಿತನಾಮಗಳಿಗೆ ಸ್ಕ್ರ್ಯಾಬಲ್‌ನಲ್ಲಿ ಅವಕಾಶವಿಲ್ಲ. ಹಲಸೂರಿನ ಬಳಿ ನೆಲೆ ಹೊಂದಿರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಅಧಿಕಾರಿ ಮೆಕ್‌ಕ್ಲಿಂಟಾಕ್ 1912ರಲ್ಲಿ ರೂಪಿಸಿದ ಸ್ಫೋಟಕ ಸಾಧನವು ‘ಬ್ಯಾಂಗಲೋರ್ ಟಾರ್ಪಿಡೊ’ ಎಂದು ಹೆಸರಾಯಿತಾದರೂ, ‘ಬ್ಯಾಂಗಲೋರ್’ ಎಂಬುದನ್ನು ಊರಿನ ಹೆಸರಾಗಿ ಹಲಗೆಯ ಮೇಲೆ ಇಡುವಂತಿಲ್ಲ. ಕ್ರಾಸ್‌ವರ್ಡ್‌ಗೆ ಈ ನಿರ್ಬಂಧವಿಲ್ಲ.

ಯಂತ್ರದ ನೆರವು

ಹುಡುಕುವ ತಂತ್ರಾಂಶಗಳಲ್ಲಿ ಗೊತ್ತಿಲ್ಲದ ಒಂದು ಅಕ್ಷರಕ್ಕೆ ಪ್ರಶ್ನಾರ್ಥಕ ಚಿಹ್ನೆಯನ್ನೂ, ಎಷ್ಟಾದರೂ ಅಕ್ಷರಗಳಿಗೆ ನಕ್ಷತ್ರ ಚಿಹ್ನೆಯನ್ನೂ ಬಳಸುವುದು ರೂಢಿ. ತಂತ್ರಾಂಶವು ಯಾವ ಪದಪಟ್ಟಿಯನ್ನು ಆಧರಿಸಿದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಅಮೆರಿಕದ ಪಟ್ಟಿಯಲ್ಲಿಲ್ಲದ ಅನೇಕ ಪದಗಳು ಬ್ರಿಟನ್ನಿನ ಕಾಲಿನ್ಸ್ ಪಟ್ಟಿಯಲ್ಲಿವೆ.